ಭಾರ ಹೊತ್ತರೆ ಎಲುಬು ಕುಗ್ಗುತ್ತದೆಯೇ?

"ಮೂಟೆ ಹೊತ್ತು ಹೊತ್ತು ಎಲುಬೇ ಇಳಿದುಹೋಯಿತು" ಎಂಬ ಮಾತನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಕೆಲಸ ಮುಗಿಸಿ ಕೋಣೆಗೆ ಬಂದವನು ಸೊಂಟಕ್ಕೆ ಕೈಯಿಟ್ಟು ಗೋಡೆಗೆ ಒರಗಿದರೆ ಹಿರಿಯರು ಹೇಳುವುದೂ ಇದನ್ನೇ. ಈ ಮಾತಿನಲ್ಲಿ ನಿಜವೆಷ್ಟು, ಬರಿಯ ರೂಢಿಯೆಷ್ಟು ಎಂಬುದನ್ನು ಪದಾರ್ಥವಿಜ್ಞಾನದ ಸಾಮಾನ್ಯ ಲೆಕ್ಕದಿಂದ ನೋಡುವುದೇ ಈ ಲೇಖನದ ಉದ್ದೇಶ. ಕೂಡಿಸಲು, ಗುಣಿಸಲು, ಭಾಗಿಸಲು ಬಲ್ಲವರಿಗೆಲ್ಲ ಇದು ತಿಳಿಯತಕ್ಕದ್ದು. ಹೆಚ್ಚು ಓದಿಲ್ಲವೆಂದು ಯಾರೂ ಅಂಜಬೇಕಾಗಿಲ್ಲ.

ಇದು ಬರಿಯ ಕುತೂಹಲದ ವಿಷಯವೂ ಅಲ್ಲ. ಮುಂಬಯಿಯಂಥ ಪಟ್ಟಣ ನಡೆಯುವುದೇ ಹೊರುವವರ ತಲೆ ಹೆಗಲುಗಳ ಮೇಲೆ. ಮರಾಠಿಯಲ್ಲಿ 'ಮಾಥಾ' ಎಂದರೆ ತಲೆ. ತಲೆಯ ಮೇಲೆ ಹೊರುವವರಿಗೆ 'ಮಾಥಾಡಿ' ಎಂಬ ಹೆಸರು ಬಂದದ್ದು ಅದರಿಂದಲೇ. ವಾಶಿಯ ಮಾರುಕಟ್ಟೆಯಲ್ಲಿ ಈರುಳ್ಳಿ ಅಕ್ಕಿಗಳ ಚೀಲ ಇಳಿಸುವವರು, ಚರ್ಚ್‌ಗೇಟ್ ನಿಲ್ದಾಣದಲ್ಲಿ ಊಟದ ಡಬ್ಬಿಗಳ ಉದ್ದನೆಯ ಮರದ ತಟ್ಟೆಯನ್ನು ತಲೆಯ ಮೇಲಿಟ್ಟು ಓಡುವವರು, ನಮ್ಮ ನಾಡಿನ ಮಂಡಿಗಳ ಹಮಾಲರು, ಇವರೆಲ್ಲರ ಅನ್ನ ಇರುವುದು ಅವರ ಬೆನ್ನಿನಲ್ಲಿ. ಬೆನ್ನು ಹೋದರೆ ಅನ್ನವೂ ಹೋಯಿತು. ಆದುದರಿಂದ ಭಾರ ಬಿದ್ದಾಗ ದೇಹದೊಳಗೆ ಏನಾಗುತ್ತದೆಂದು ಹೊರುವವನಿಗೇ ಎಲ್ಲರಿಗಿಂತ ಮೊದಲು ತಿಳಿದಿರಬೇಕು.

ಕುಗ್ಗುವುದೆಂದರೇನು?

ಲೋಕದಲ್ಲಿ ಒತ್ತಿದರೆ ಕುಗ್ಗದ ವಸ್ತು ಒಂದೂ ಇಲ್ಲ. ರಬ್ಬರು ಕುಗ್ಗುವುದು ಕಣ್ಣಿಗೆ ಕಾಣುತ್ತದೆ. ಕಲ್ಲು, ಕಬ್ಬಿಣ ಕುಗ್ಗುವುದು ಕಾಣುವುದಿಲ್ಲ, ಅಷ್ಟೇ. 1678ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಸ್ಪ್ರಿಂಗುಗಳನ್ನು ಪರೀಕ್ಷಿಸಿ ಒಂದು ನಿಯಮವನ್ನು ಪ್ರಕಟಿಸಿದನು. ಬಲ ಎರಡರಷ್ಟಾದರೆ ಎಳೆತವೂ ಎರಡರಷ್ಟು, ಬಲ ಮೂರರಷ್ಟಾದರೆ ಎಳೆತವೂ ಮೂರರಷ್ಟು. ಬಲ ತೆಗೆದರೆ ವಸ್ತು ಮೊದಲಿನ ಅಳತೆಗೆ ಮರಳುತ್ತದೆ. ಇದಕ್ಕೊಂದು ಮಿತಿಯುಂಟು, ಅದನ್ನು ದಾಟಿದರೆ ವಸ್ತು ಮರಳುವುದಿಲ್ಲ ಅಥವಾ ಮುರಿಯುತ್ತದೆ. ಆ ಮಿತಿಯೊಳಗೆ ಕಬ್ಬಿಣಕ್ಕೂ ಕಟ್ಟಿಗೆಗೂ ಎಲುಬಿಗೂ ಹೆಚ್ಚುಕಡಿಮೆ ಇದೇ ನಿಯಮ.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಎಷ್ಟು ಭಾರ ಎನ್ನುವುದೊಂದೇ ಮುಖ್ಯವಲ್ಲ. ಆ ಭಾರ ಎಷ್ಟು ಜಾಗದ ಮೇಲೆ ಹಂಚಿಹೋಗಿದೆ ಎನ್ನುವುದೂ ಮುಖ್ಯ. ಮೊಳೆಯ ತಲೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ನೋವಿಲ್ಲ. ಅದೇ ಬಲದಿಂದ ಮೊನೆಯನ್ನು ಒತ್ತಿದರೆ ರಕ್ತ ಬರುತ್ತದೆ. ಭಾರವನ್ನು ಜಾಗದ ಅಳತೆಯಿಂದ ಭಾಗಿಸಿದರೆ ಬರುವುದೇ ಒತ್ತಡ. ಹೊರುವವನು ತಲೆಯ ಮೇಲೆ ಸಿಂಬೆಯನ್ನಿಟ್ಟುಕೊಳ್ಳುವುದು ಈ ಭಾಗಾಕಾರಕ್ಕಾಗಿಯೇ. ಭಾರ ಕಡಿಮೆಯಾಗದಿದ್ದರೂ ಜಾಗ ಹೆಚ್ಚಾಗುತ್ತದೆ, ಒತ್ತಡ ಇಳಿಯುತ್ತದೆ.

ಎಲುಬಿನ ಕಟ್ಟಡ

ಎಲುಬು ಕಲ್ಲಿನಂತೆ ಒಂದೇ ವಸ್ತುವಿನಿಂದಾದುದಲ್ಲ. ಅದರ ತೂಕದ ಸುಮಾರು ಮೂರನೆಯ ಎರಡು ಪಾಲು ಖನಿಜ, ಮುಖ್ಯವಾಗಿ ಸುಣ್ಣಾಂಶವೂ ರಂಜಕವೂ ಕೂಡಿದ ಗಟ್ಟಿ ಲವಣ. ಉಳಿದುದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರು, ಜೊತೆಗೆ ಸ್ವಲ್ಪ ನೀರು. ಈ ನಾರುಗಳು ಪದರ ಪದರವಾಗಿ, ಒಂದು ಪದರದ್ದು ಒಂದು ದಿಕ್ಕಿಗೆ, ಮುಂದಿನದು ಬೇರೊಂದು ದಿಕ್ಕಿಗೆ ಹಬ್ಬಿರುತ್ತವೆ. ನಡುವೆಲ್ಲ ಖನಿಜದ ಸಣ್ಣ ಹರಳುಗಳು ತುಂಬಿರುತ್ತವೆ. ಆರ್.ಸಿ.ಸಿ. ಕಟ್ಟಡ ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಅಲ್ಲಿ ಕಾಂಕ್ರೀಟು ಒತ್ತನ್ನು ತಡೆಯುತ್ತದೆ, ಕಬ್ಬಿಣದ ಸರಳು ಎಳೆತವನ್ನು ತಡೆಯುತ್ತದೆ. ಎಲುಬಿನಲ್ಲಿ ಖನಿಜ ಕಾಂಕ್ರೀಟಿನ ಕೆಲಸವನ್ನು, ನಾರು ಸರಳಿನ ಕೆಲಸವನ್ನು ಮಾಡುತ್ತವೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಕೋಳಿಯ ಕಾಲೆಲುಬನ್ನು ಚೆನ್ನಾಗಿ ತೊಳೆದು ವಿನಿಗರ್‌ನಲ್ಲಿ ಕೆಲವು ದಿವಸ ನೆನೆಯಿಟ್ಟರೆ ಹುಳಿಯು ಖನಿಜವನ್ನು ಕರಗಿಸುತ್ತದೆ. ನಾರು ಮಾತ್ರ ಉಳಿದ ಆ ಎಲುಬು ರಬ್ಬರಿನಂತೆ ಬಾಗುತ್ತದೆ. ಮತ್ತೊಂದು ಎಲುಬನ್ನು ಕೆಂಡದಲ್ಲಿ ಪೂರ್ತಿ ಸುಟ್ಟರೆ ನಾರು ಉರಿದುಹೋಗಿ ಖನಿಜ ಉಳಿಯುತ್ತದೆ. ಅದು ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಎರಡೂ ಕೂಡಿದಾಗಲೇ ಎಲುಬು ಎಲುಬಾಗುವುದು.

ಈಗ ಲೆಕ್ಕ

ನಮ್ಮ ದೇಹದ ಅತಿ ಉದ್ದದ ಎಲುಬು ತೊಡೆಯೆಲುಬು. ವಯಸ್ಸಿಗೆ ಬಂದ ಗಂಡಸಿನಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರು. ನಡುಮಧ್ಯದಲ್ಲಿ ಅದನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಒಳಗೆ ಟೊಳ್ಳು, ಸುತ್ತಲೂ ಗಟ್ಟಿ ಗೋಡೆ ಕಾಣುತ್ತದೆ. ಆ ಗಟ್ಟಿ ಭಾಗದ ವಿಸ್ತಾರವನ್ನು ಲೆಕ್ಕದ ಅನುಕೂಲಕ್ಕಾಗಿ 4 ಚದರ ಸೆಂಟಿಮೀಟರು ಎಂದು ಹಿಡಿಯೋಣ.

60 ಕಿಲೋ ತೂಕದ ಮನುಷ್ಯ 60 ಕಿಲೋ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ನಡೆಯುತ್ತಿದ್ದಾನೆ. ಹೆಜ್ಜೆ ಎತ್ತಿಡುವಾಗ ಒಂದು ಗಳಿಗೆ ಎಲ್ಲ ಭಾರವೂ ಒಂದೇ ಕಾಲಿನ ಮೇಲಿರುತ್ತದೆ. ಅಂದರೆ 120 ಕಿಲೋ ಒಂದು ತೊಡೆಯೆಲುಬಿನ ಮೇಲೆ. 120ನ್ನು 4ರಿಂದ ಭಾಗಿಸಿದರೆ, ಚದರ ಸೆಂಟಿಮೀಟರಿಗೆ 30 ಕಿಲೋ ಒತ್ತಡ.

ಎಲುಬು ಎಷ್ಟು ಬಿಗಿ ಎಂಬುದಕ್ಕೂ ಅಳತೆಯುಂಟು. 1807ರಲ್ಲಿ ಥಾಮಸ್ ಯಂಗ್ ಎಂಬುವರು ವಿವರಿಸಿದ್ದರಿಂದ ಅದಕ್ಕೆ ಯಂಗ್ ಗುಣಾಂಕವೆಂದು ಹೆಸರು. ಉದ್ದ ದಿಕ್ಕಿನಲ್ಲಿ ಗಟ್ಟಿ ಎಲುಬಿನ ಗುಣಾಂಕ ಚದರ ಸೆಂಟಿಮೀಟರಿಗೆ ಸುಮಾರು 1,70,000 ಕಿಲೋ. ಉಕ್ಕಿನದು ಇದರ ಹನ್ನೆರಡು ಪಟ್ಟು. ನಮ್ಮ 30ನ್ನು 1,70,000ದಿಂದ ಭಾಗಿಸಿದರೆ ಪ್ರತಿ ಸೆಂಟಿಮೀಟರು ಉದ್ದಕ್ಕೆ ಎಲುಬು ಎಷ್ಟು ಕುಗ್ಗುತ್ತದೆಂಬುದು ಬರುತ್ತದೆ. ಅದನ್ನು 45ರಿಂದ ಗುಣಿಸಿದರೆ ಉತ್ತರ 0.008 ಸೆಂಟಿಮೀಟರು, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ 8 ಪಾಲು. ತಲೆಗೂದಲ ಒಂದು ಎಳೆಯ ದಪ್ಪವೂ ಸುಮಾರಿಗೆ ಇಷ್ಟೇ.

ಹೀಗೆ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಎಲುಬು ಕುಗ್ಗುವುದು ನಿಜ; ಆದರೆ ಕೂದಲೆಳೆಯಷ್ಟು. ಹೊರೆ ಇಳಿಸಿದೊಡನೆ ಅಷ್ಟೂ ಮರಳಿ ಬರುತ್ತದೆ.

ನಡೆಯುವಾಗ ಸೊಂಟದ ಸ್ನಾಯುಗಳು ದೇಹ ವಾಲದಂತೆ ಬಿಗಿಹಿಡಿಯುವುದರಿಂದ ಎಲುಬಿನ ಮೇಲೆ ತೂಕಕ್ಕಿಂತ ಎರಡು ಮೂರು ಪಟ್ಟು ಒತ್ತು ಬೀಳುತ್ತದೆ. ಮೂರು ಪಟ್ಟೆಂದೇ ಹಿಡಿದರೂ ಚದರ ಸೆಂಟಿಮೀಟರಿಗೆ 90 ಕಿಲೋ ಆಗುತ್ತದೆ. ಗಟ್ಟಿ ಎಲುಬು ನೇರವಾದ ಒತ್ತಿಗೆ ಮುರಿಯುವುದು ಸುಮಾರು 1,700 ಕಿಲೋಗೆ. ಮನೆ ಕಟ್ಟಲು ಬಳಸುವ ಸಾಮಾನ್ಯ ಎಂ-20 ಕಾಂಕ್ರೀಟು 200 ಕಿಲೋಗೆ ಸೋಲುತ್ತದೆಂಬುದನ್ನು ನೆನೆದರೆ ಎಲುಬಿನ ಬಲ ಎಂಥದೆಂದು ತಿಳಿಯುತ್ತದೆ. ನೇರವಾದ ಒತ್ತಿನಿಂದ ಆರೋಗ್ಯವಂತನ ತೊಡೆಯೆಲುಬು ಮುರಿಯಬೇಕಾದರೆ ಆರೇಳು ಟನ್ ಭಾರ ಬೇಕು.

ಹಾಗಾದರೆ ಎಲುಬುಗಳು ಮುರಿಯುವುದೇಕೆ? ಬೆನ್ನುಗಳು ಕೆಡುವುದೇಕೆ? ಮೇಲಿನ ಲೆಕ್ಕದಲ್ಲಿ 'ನೇರವಾದ ಒತ್ತು' ಎಂಬ ಮಾತು ಬಂದಿತಲ್ಲ, ವಿಷಯವೆಲ್ಲ ಅದರಲ್ಲಿದೆ.

ಒತ್ತು ಬೇರೆ, ಬಾಗು ಬೇರೆ

ಒಂದು ಬೆತ್ತವನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಬಹಳ ತಾಳುತ್ತದೆ. ಅದನ್ನೇ ಮೊಣಕಾಲಿಗೆ ಅಡ್ಡವಿಟ್ಟು ಬಾಗಿಸಿದರೆ ಸುಲಭವಾಗಿ ಮುರಿಯುತ್ತದೆ. ಬಾಗಿದಾಗ ಒಳಬದಿ ಒತ್ತಲ್ಪಡುತ್ತದೆ, ಹೊರಬದಿ ಎಳೆಯಲ್ಪಡುತ್ತದೆ. ಎಲುಬು ಒತ್ತಿಗೆ 1,700 ಕಿಲೋ ತಾಳಿದರೆ ಎಳೆತಕ್ಕೆ ತಾಳುವುದು ಸುಮಾರು 1,300. ತಿರುಚಿದರಂತೂ ಇನ್ನೂ ಕಡಿಮೆ. ಆದುದರಿಂದ ಎಲುಬಿನ ಶತ್ರು ಭಾರವಲ್ಲ. ಬಾಗು, ಅದಕ್ಕಿಂತಲೂ ತಿರುಚು.

ಬಾಗನ್ನು ಎದುರಿಸಲೆಂದೇ ನಿಸರ್ಗವು ಉದ್ದ ಎಲುಬುಗಳನ್ನು ಟೊಳ್ಳು ಕೊಳವೆಯಂತೆ ಮಾಡಿದೆ. ಅಷ್ಟೇ ವಸ್ತುವನ್ನು ಗಟ್ಟಿ ಕೋಲಾಗಿ ಮಾಡುವುದಕ್ಕಿಂತ ಅಗಲವಾದ ಕೊಳವೆಯಾಗಿ ಮಾಡಿದರೆ ಅದು ಬಾಗಿಗೆ ಹೆಚ್ಚು ತಾಳುತ್ತದೆ. ಬಿದಿರೂ ಸೈಕಲ್ಲಿನ ಚೌಕಟ್ಟೂ ಇದೇ ಉಪಾಯದವು. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಟೊಳ್ಳು ಎಲುಬಿನ ಈ ಗುಣವನ್ನು ಚರ್ಚಿಸಿದ್ದಾನೆ.

ತೊಡೆಯೆಲುಬಿನ ಮೇಲ್ತುದಿ ಇನ್ನೂ ಸ್ವಾರಸ್ಯವಾದುದು. ಅದು ನೆಟ್ಟಗಿಲ್ಲ, ಕ್ರೇನಿನ ತೋಳಿನಂತೆ ಪಕ್ಕಕ್ಕೆ ಚಾಚಿದೆ. ಅದರ ಒಳಗೆ ಜೇನುಗೂಡಿನಂತೆ ತೆಳುವಾದ ಕಡ್ಡಿಗಳ ಜಾಲವಿದೆ. 1866ರಲ್ಲಿ ಸ್ವಿಟ್ಸರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾಶಾಸ್ತ್ರಜ್ಞರ ಬಳಿ ಈ ಎಲುಬಿನ ಸೀಳನ್ನು ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರರು ಕಂಡರು. ಕುಲ್ಮನ್ನರು ಕಟ್ಟಡ ಯಂತ್ರಗಳಲ್ಲಿ ಬಲದ ಗೆರೆಗಳು ಹೇಗೆ ಹರಿಯುತ್ತವೆಂದು ನಕ್ಷೆ ಬರೆಯುವುದರಲ್ಲಿ ನಿಪುಣರು. ಭಾರ ಎತ್ತುವ ಕ್ರೇನಿನಲ್ಲಿ ಯಾವ ಗೆರೆಗಳು ಬರುತ್ತವೆಯೋ ಎಲುಬಿನ ಕಡ್ಡಿಗಳೂ ಅದೇ ಗೆರೆಗಳಲ್ಲಿ ಜೋಡಿಸಿಕೊಂಡಿರುವುದು ಅವರ ಕಣ್ಣಿಗೆ ಬಿದ್ದಿತು. ಬಂದರಿನ ಕ್ರೇನನ್ನು ಮನುಷ್ಯ ಕಟ್ಟುವುದಕ್ಕೆ ಎಷ್ಟೋ ಮೊದಲೇ ಅವನ ತೊಡೆಯಲ್ಲಿ ಅಂಥದೊಂದು ಕ್ರೇನು ಸಿದ್ಧವಾಗಿತ್ತು!

1892ರಲ್ಲಿ ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ಶಸ್ತ್ರವೈದ್ಯರು ಇದನ್ನು ಮುಂದುವರಿಸಿ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆಂದು ಬರೆದರು. ಬಳಸುವ ಎಲುಬು ದಪ್ಪವಾಗುತ್ತದೆ. ಬಳಸದ ಎಲುಬು ಸವೆಯುತ್ತದೆ. ಭೂಮಿಯ ಎಳೆತ ಅನುಭವಕ್ಕೆ ಬಾರದ ಬಾಹ್ಯಾಕಾಶ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವರಲ್ಲಿ ಕಾಲು ಸೊಂಟಗಳ ಎಲುಬು ತಿಂಗಳಿಗೆ ನೂರಕ್ಕೆ 1ರಿಂದ 1.5ರಷ್ಟು ಕರಗುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಆದ್ದರಿಂದ ಹೊರೆ ಹೊರುವುದೇ ಕೇಡೆಂದು ತಿಳಿಯಬಾರದು. ಮಿತವಾದ ಭಾರ ಎಲುಬಿಗೆ ಅನ್ನವಿದ್ದಂತೆ.

ಸಂಜೆಗೆ ಎತ್ತರ ಇಳಿಯುವುದು ಹೇಗೆ?

ಇಲ್ಲೊಂದು ಸಂದೇಹ ಏಳಬಹುದು. ಬೆಳಿಗ್ಗೆ ಅಳೆದ ಎತ್ತರ ಸಂಜೆಗೆ ಕಡಿಮೆಯಾಗುತ್ತದೆಂದು ಕೆಲವರು ಹೇಳುತ್ತಾರೆ. ಅದು ಸುಳ್ಳಲ್ಲ. ಹಾಸಿಗೆಯಿಂದ ಎದ್ದೊಡನೆ ಗೋಡೆಗೆ ಬೆನ್ನುಕೊಟ್ಟು ನಿಂತು ಪೆನ್ಸಿಲಿನಿಂದ ಗುರುತು ಮಾಡಿಸಿರಿ; ರಾತ್ರಿ ಮಲಗುವ ಮುನ್ನ ಅಲ್ಲಿಯೇ ಅಳೆಯಿರಿ. ಸುಮಾರು ಒಂದೂವರೆ ಸೆಂಟಿಮೀಟರು, ಕೆಲವರಲ್ಲಿ ಎರಡು, ಕಡಿಮೆ ಕಂಡೀತು. ಎಲುಬು ಕುಗ್ಗುವುದು ಕೂದಲೆಳೆಯಷ್ಟಾದರೆ ಈ ಒಂದೂವರೆ ಸೆಂಟಿಮೀಟರು ಎಲ್ಲಿ ಹೋಯಿತು?

ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಮಣಿಗಳನ್ನು ಒಂದರ ಮೇಲೊಂದು ಪೇರಿಸಿದ ಕಂಬ. ಮಣಿಮಣಿಗಳ ನಡುವೆ ಡಾಕ್ಟರರು ಡಿಸ್ಕ್ ಎಂದು ಕರೆಯುವ ಮೆತ್ತನೆಯ ಬಿಲ್ಲೆಗಳಿವೆ. ಇಂಥವು 23. ಹೊರಗೆ ನಾರಿನ ಗಟ್ಟಿ ಬಳೆ, ಒಳಗೆ ನೀರು ಹೀರಿದ ಲೋಳೆಯಂಥ ತಿರುಳು. ಹಗಲೆಲ್ಲ ಭಾರ ಬಿದ್ದಾಗ ತಿರುಳಿನ ನೀರು ಮೆಲ್ಲಮೆಲ್ಲನೆ ಹೊರಕ್ಕೆ ಜಿನುಗುತ್ತದೆ, ಬಿಲ್ಲೆ ತೆಳುವಾಗುತ್ತದೆ. ರಾತ್ರಿ ಮಲಗಿದಾಗ ಭಾರ ತಪ್ಪಿ, ಒದ್ದೆ ಸ್ಪಂಜಿನಂತೆ ಅದು ನೀರನ್ನು ಮರಳಿ ಹೀರಿಕೊಳ್ಳುತ್ತದೆ. ಸಂಜೆ ಇಳಿದ ಎತ್ತರ ಬೆಳಗಿಗೆ ಬರುವುದು ಹೀಗೆ. ದೊಡ್ಡವರ ಡಿಸ್ಕಿನೊಳಗೆ ರಕ್ತನಾಳಗಳು ಇಲ್ಲವೆಂದೇ ಹೇಳಬಹುದು. ಅದಕ್ಕೆ ಆಹಾರ ಸುತ್ತಣಿಂದ ಒಸರಿ ಬರಬೇಕು. ಆದುದರಿಂದ ಒಮ್ಮೆ ಕೆಟ್ಟ ಡಿಸ್ಕು ಎಲುಬಿನಷ್ಟು ಬೇಗ ಗುಣವಾಗುವುದಿಲ್ಲ. ಎರಡು ಪಾಳಿ ಒಟ್ಟಿಗೆ ದುಡಿದು ನಾಲ್ಕು ತಾಸು ಮಲಗುವವನು ತನ್ನ ಬೆನ್ನಿಗೆ ನೀರು ಕುಡಿಯಲು ಬಿಡುವು ಕೊಡುತ್ತಿಲ್ಲವೆಂದು ತಿಳಿಯಬೇಕು.

ಹತ್ತು ಪಟ್ಟಾಗುವ ಹೊರೆ

ಇನ್ನು ಲೇಖನದ ಮುಖ್ಯ ಮಾತಿಗೆ ಬರೋಣ. ವಿದ್ಯುತ್ ತೂಕದ ಯಂತ್ರಗಳು ಬರುವ ಮುಂಚೆ ಗಿರಣಿಯ ಗೋದಾಮುಗಳಲ್ಲಿ ಹಲಗೆಯ ಕಾಟಾ ಇರುತ್ತಿತ್ತು. ಹಲಗೆಯ ಮೇಲೆ 170 ಕಿಲೋ ಹತ್ತಿಯ ಬೇಲನ್ನಿಟ್ಟರೆ ಆ ಕಡೆಯ ಕೋಲಿಗೆ ತಗಲಿಸಿದ ಸಣ್ಣದೊಂದು ಬಟ್ಟು ಅದನ್ನು ಸರಿದೂಗುತ್ತಿತ್ತು. ಇದು ಸನ್ನೆಕೋಲಿನ ಗುಣ. ಆನಿಕೆಯಿಂದ ದೂರವಿರುವ ಸಣ್ಣ ತೂಕ, ಆನಿಕೆಗೆ ಹತ್ತಿರವಿರುವ ದೊಡ್ಡ ತೂಕಕ್ಕೆ ಸಮ. ನಮ್ಮ ಸೊಂಟವೂ ಇಂಥದೇ ಕಾಟಾ. ಆದರೆ ಇಲ್ಲಿ ನಷ್ಟ ನಮ್ಮದು.

ನೆಲದ ಮೇಲಿನ 25 ಕಿಲೋ ಚೀಲವನ್ನು ಒಬ್ಬನು ಮೊಣಕಾಲು ಬಗ್ಗಿಸದೆ, ಸೊಂಟದಿಂದ ಬಾಗಿ, ತೋಳು ಚಾಚಿ ಎತ್ತುತ್ತಾನೆನ್ನಿ. ಸೊಂಟದ ಕೆಳಗಿನ ಡಿಸ್ಕು ಇಲ್ಲಿ ಆನಿಕೆ. ಚೀಲ ಅದರಿಂದ 50 ಸೆಂಟಿಮೀಟರು ಮುಂದಿದೆ. ಅವನನ್ನು ಮುಗ್ಗರಿಸದಂತೆ ಹಿಡಿದಿರುವ ಬೆನ್ನಿನ ಸ್ನಾಯು ಆನಿಕೆಯಿಂದ ಕೇವಲ 5 ಸೆಂಟಿಮೀಟರು ಹಿಂದಿದೆ. 25ನ್ನು 50ರಿಂದ ಗುಣಿಸಿ 5ರಿಂದ ಭಾಗಿಸಿದರೆ 250. ಅಂದರೆ 25 ಕಿಲೋ ಚೀಲಕ್ಕಾಗಿ ಸ್ನಾಯು 250 ಕಿಲೋ ಬಲದಿಂದ ಎಳೆಯಬೇಕು. ಚೀಲವಲ್ಲದೆ ಅವನ ತಲೆ, ತೋಳು, ಮುಂಡಗಳೂ ಮುಂದಕ್ಕೆ ತೂಗುತ್ತಿವೆ. ಅವು 35 ಕಿಲೋ, ಆನಿಕೆಯಿಂದ 25 ಸೆಂಟಿಮೀಟರು ದೂರವೆಂದರೆ ಅದಕ್ಕೆ ಇನ್ನೊಂದು 175 ಕಿಲೋ. ಒಟ್ಟು 425 ಕಿಲೋ. ಸ್ನಾಯು ಹೀಗೆ ಎಳೆದಾಗ ಆ ಬಲವೆಲ್ಲ ಡಿಸ್ಕಿನ ಮೇಲೂ ಮಣಿಗಳ ಮೇಲೂ ಒತ್ತಾಗಿ ಬೀಳುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1981ರಲ್ಲಿ ಈ ಜಾಗದ ಒತ್ತಿಗೆ ಒಂದು ಗಡಿ ಹಾಕಿತು. ಅದು 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ. ಅದನ್ನು ದಾಟಿದರೆ ಬೆನ್ನಿಗೆ ಅಪಾಯ ಹೆಚ್ಚುತ್ತದೆಂದು ಅಭಿಪ್ರಾಯ. ನಮ್ಮವನು ಬರಿಯ 25 ಕಿಲೋ ಚೀಲದಿಂದಲೇ ಗಡಿ ದಾಟಿದನು.

ಅದೇ ಚೀಲವನ್ನು ಅವನು ಮೊಣಕಾಲು ಬಗ್ಗಿಸಿ, ಕುಕ್ಕರಿಸಿ, ಹೊಟ್ಟೆಗೆ ತಾಗಿಸಿಕೊಂಡು ಎತ್ತಲಿ. ಚೀಲದ ದೂರ 25 ಸೆಂಟಿಮೀಟರಿಗೆ ಇಳಿಯಿತು; ಮುಂಡದ ವಾಲು 10 ಸೆಂಟಿಮೀಟರಾಯಿತು. ಲೆಕ್ಕ ಹಾಕಿದರೆ ಚೀಲಕ್ಕೆ 125, ಮುಂಡಕ್ಕೆ 70, ಒಟ್ಟು 195 ಕಿಲೋ. ಅದರ ಮೇಲೆ ಮುಂಡ ಚೀಲಗಳ ಸ್ವಂತ ತೂಕ 60 ಸೇರಿಸಿದರೂ 255. ಚೀಲ ಅದೇ, ಮನುಷ್ಯ ಅವನೇ. ಹೊರೆ ಮಾತ್ರ ಬಹುಮಟ್ಟಿಗೆ ಅರ್ಧಕ್ಕಿಳಿಯಿತು.

ತಲೆಯ ಮೇಲಿನ 60 ಕಿಲೋ ಹೊರೆ ಬೆನ್ನೆಲುಬಿನ ನೇರಕ್ಕೆ ಇರುತ್ತದೆ. ಸನ್ನೆಕೋಲಿನ ದೂರ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಆದುದರಿಂದ 60 ಕಿಲೋ ಹತ್ತು ಪಟ್ಟಾಗುವುದಿಲ್ಲ. ನೆಟ್ಟಗೆ ನಡೆಯುವ ಹಮಾಲನ ಸೊಂಟಕ್ಕೆ ತಲೆಯ ಮೇಲಿನ 60 ಕಿಲೋಗಿಂತ, ಬಾಗಿ ಎತ್ತಿದ 25 ಕಿಲೋ ಹೆಚ್ಚು ಭಾರವಾಗಬಹುದೆಂಬುದು ಇದರ ತಾತ್ಪರ್ಯ. ಅಪಾಯವಿರುವುದು ಹೊರೆಯನ್ನು ನೆಲದಿಂದ ತಲೆಗೇರಿಸುವಾಗ, ತಲೆಯಿಂದ ಇಳಿಸುವಾಗ. ಹಳೆಯ ಹಮಾಲರು ಒಬ್ಬಂಟಿಯಾಗಿ ಮೂಟೆ ಏರಿಸಿಕೊಳ್ಳದೆ ಇನ್ನಿಬ್ಬರನ್ನು ಕೈಕೊಡಲು ಕರೆಯುವುದು ಸೋಮಾರಿತನವಲ್ಲ, ವಿವೇಕ. ಆದರೂ ಕುತ್ತಿಗೆಯ ಮಣಿಗಳು ಸೊಂಟದ ಮಣಿಗಳಿಗಿಂತ ಬಹಳ ಸಣ್ಣವೆಂಬುದನ್ನು ಮರೆಯಬಾರದು. ವರ್ಷಗಟ್ಟಲೆ ತಲೆಹೊರೆ ಹೊತ್ತವರಲ್ಲಿ ಕುತ್ತಿಗೆಯ ಸವೆತವನ್ನು ವೈದ್ಯರು ಕಂಡಿದ್ದಾರೆ.

ಮೇಜಿನ ಮುಂದೆ ಕೂರುವ ಗುಮಾಸ್ತ ಬಂಧುಗಳು ಇದು ತಮಗಲ್ಲವೆಂದು ತಿಳಿಯಬಾರದು. ಕುರ್ಚಿಯಲ್ಲಿ ಮುಂದಕ್ಕೆ ಗೂನಾಗಿ ಕುಳಿತಾಗ ಸೊಂಟದ ಡಿಸ್ಕಿನೊಳಗಿನ ಒತ್ತಡ, ನೆಟ್ಟಗೆ ನಿಂತಾಗ ಇರುವುದಕ್ಕಿಂತ ಹೆಚ್ಚು. ಡಿಸ್ಕಿನೊಳಗೆ ಸೂಜಿಯಂಥ ಮಾಪಕವನ್ನಿಳಿಸಿ ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. ಮುಖವನ್ನು ಲೆಡ್ಜರಿಗೆ ಇಳಿಸದೆ ಲೆಡ್ಜರನ್ನು ಮುಖದ ಹತ್ತಿರಕ್ಕೆ ಏರಿಸುವುದು ಲೇಸು. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಇನ್ನೂ ಲೇಸು.

ಸಣ್ಣ ಬಿರುಕು, ದೊಡ್ಡ ಸೋಲು

ತಂತಿಯೊಂದನ್ನು ಒಮ್ಮೆ ಬಾಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಾರಿ ಬಾಗಿಸಿದರೆ ಮುರಿಯುತ್ತದೆ. ಎಲುಬಿಗೂ ಈ ದಣಿವುಂಟು. ಮಿತಿಯೊಳಗಿನ ಭಾರವೂ ಸಾವಿರಾರು ಸಾರಿ ಬಿದ್ದರೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. 1855ರಲ್ಲಿ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್ ಎಂಬುವರು, ಬಹಳ ದೂರ ನಡೆದ ಸಿಪಾಯಿಗಳ ಪಾದ ಪೆಟ್ಟಿಲ್ಲದೆಯೇ ಊದಿ ನೋಯುವುದನ್ನು ವರ್ಣಿಸಿದರು. 1895ರಲ್ಲಿ ಕ್ಷ-ಕಿರಣಗಳ ಶೋಧವಾದ ಮೇಲೆ ಅದು ಪಾದದ ಎಲುಬಿನ ಸಣ್ಣ ಬಿರುಕೆಂದು ತಿಳಿಯಿತು.

ಆದರೆ ತಂತಿಗಿಲ್ಲದ ಒಂದು ಭಾಗ್ಯ ಎಲುಬಿಗಿದೆ, ಅದು ಜೀವಂತ. ಹಳೆಯ ಎಲುಬನ್ನು ಕೆರೆದು ತೆಗೆಯುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ದುಡಿಯುತ್ತಿರುತ್ತವೆ. ವಯಸ್ಕನ ಎಲುಬುಗೂಡಿನ ಸುಮಾರು ಹತ್ತನೆಯ ಒಂದು ಪಾಲು ವರ್ಷವೊಂದರಲ್ಲಿ ಹೊಸದಾಗುತ್ತದೆ. ಈ ರಿಪೇರಿಗೆ ಮೂರು ಬೇಕು: ವಿಶ್ರಾಂತಿ, ಸುಣ್ಣಾಂಶ, ಬಿಸಿಲು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಕ್ಕಿಯಲ್ಲಿಯೂ ಗೋಧಿಯಲ್ಲಿಯೂ ಅಷ್ಟಿಲ್ಲ. ಊರು ಬಿಟ್ಟವರು ಮುದ್ದೆಯನ್ನೂ ಬಿಡಬೇಕಾಗಿಲ್ಲ. ಹಾಲು, ಮೊಸರು, ಎಳ್ಳು, ಸೊಪ್ಪುಗಳೂ ಒಳ್ಳೆಯವು. ಆ ಸುಣ್ಣಾಂಶವನ್ನು ದೇಹ ಹೀರಿಕೊಳ್ಳಲು ವಿಟಮಿನ್ 'ಡಿ' ಬೇಕು. ಅದು ಚರ್ಮದಲ್ಲಿ ಬಿಸಿಲಿನಿಂದ ಆಗುತ್ತದೆ. ರಾತ್ರಿಪಾಳಿ ಮಾಡಿ ಹಗಲೆಲ್ಲ ಚಾಳಿನ ಕೋಣೆಯಲ್ಲಿ ಮಲಗುವವರು ದಿನಕ್ಕೆ ಸ್ವಲ್ಪ ಹೊತ್ತಾದರೂ ಬಿಸಿಲಿಗೆ ಮೈಯೊಡ್ಡಬೇಕು.

ಸುಮಾರು ನಲವತ್ತರ ನಂತರ ಕೆರೆಯುವ ಕೆಲಸ ಕಟ್ಟುವ ಕೆಲಸವನ್ನು ಮೀರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದು ಇನ್ನೂ ವೇಗ. ಮುಪ್ಪಿನಲ್ಲಿ ಸವೆದ ಬೆನ್ನುಮಣಿ ಸಣ್ಣ ಭಾರಕ್ಕೂ ಅಪ್ಪಚ್ಚಿಯಾಗಬಹುದು. ಹೀಗೆ ಕಳೆದ ಎತ್ತರ ಬೆಳಗಾದರೂ ಮರಳದು. 'ಎಲುಬು ಇಳಿಯಿತು' ಎಂಬ ಮಾತು ಅಕ್ಷರಶಃ ನಿಜವಾಗುವುದು ಇಲ್ಲಿ ಮಾತ್ರ. ಮನೆಯ ವೃದ್ಧರಿಂದ ನೀರಿನ ಕೊಡ ಎತ್ತಿಸಬಾರದೆನ್ನುವುದು ಇದಕ್ಕೇ.

ಎಷ್ಟು ಹೊರಬೇಕು?

ಮೈಯ ಲೆಕ್ಕದ ಜೊತೆಗೆ ಕಾನೂನಿನ ಲೆಕ್ಕವನ್ನೂ ತಿಳಿದಿರಬೇಕು. 1948ರ ಫ್ಯಾಕ್ಟರಿ ಕಾಯ್ದೆಯ 34ನೆಯ ಕಲಮು, ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ವಿಧಿಸಿತು. ಪರಿಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. 1967ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ವಯಸ್ಕ ಗಂಡಸು ಒಬ್ಬನೇ ಹೊರುವ ಭಾರ 55 ಕಿಲೋಗಿಂತ ಹೆಚ್ಚಿದ್ದಲ್ಲಿ ಅದನ್ನು ಬೇಗನೆ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತು. ಹೆಂಗಸರಿಗೂ ಎಳೆಯರಿಗೂ ಅದಕ್ಕಿಂತ ಬಹಳ ಕಡಿಮೆಯಿರಬೇಕೆಂದಿತು. 1969ರಲ್ಲಿ ಮಹಾರಾಷ್ಟ್ರವು ಮಾಥಾಡಿ, ಹಮಾಲರಿಗಾಗಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಸಿಮೆಂಟಿನ ಚೀಲ 50 ಕಿಲೋ ಇರುವುದು ಈ ಮಿತಿಯೊಳಗೆ ಬರುತ್ತದೆ. ನೂರು ಕಿಲೋ ಮೂಟೆ ಬರುವುದಿಲ್ಲ. ಅಂಥದನ್ನು ಒಬ್ಬನ ಮೇಲೆ ಹೊರಿಸಲು ಬಂದರೆ ಇಬ್ಬರನ್ನು ಕೇಳುವುದು, ಇಲ್ಲವೆ ಕೈಗಾಡಿ ಕೇಳುವುದು ನಮ್ರತೆಯಿಂದಲೇ ಆಗಬಹುದು; ಆದರೆ ಕೇಳಲೇಬೇಕು.

ಇಷ್ಟೆಲ್ಲ ಲೆಕ್ಕದಿಂದ ನಿತ್ಯದ ಕೆಲಸಕ್ಕೆ ಉಳಿಯುವ ಮಾತುಗಳು ಕೆಲವೇ.

ಹೊರೆಯನ್ನು ಮೈಗೆ ಹತ್ತಿರ ಹಿಡಿಯಿರಿ. ಸೊಂಟವನ್ನಲ್ಲ, ಮೊಣಕಾಲನ್ನು ಬಗ್ಗಿಸಿರಿ. ಹೊರೆ ಕೈಯಲ್ಲಿರುವಾಗ ಸೊಂಟ ತಿರುಚದೆ, ಪಾದ ತಿರುಗಿಸಿ ಮೈ ತಿರುಗಿಸಿರಿ. ಇಬ್ಬರು ಎತ್ತುವಾಗ ಒಬ್ಬನು ಕೂಗು ಕೊಡಲಿ, ಇಬ್ಬರೂ ಒಟ್ಟಿಗೆ ಎತ್ತಲಿ. ಸಾಧ್ಯವಾದಲ್ಲೆಲ್ಲ ಚೀಲಗಳನ್ನು ನೆಲಕ್ಕೆ ಹಾಕದೆ ಸೊಂಟದೆತ್ತರದ ಹಲಗೆಯ ಮೇಲೆ ಇಡಿಸಿರಿ. ಎದ್ದೊಡನೆ ಡಿಸ್ಕುಗಳು ನೀರು ಕುಡಿದು ಉಬ್ಬಿರುತ್ತವೆ, ಆಗ ಬಾಗಿದರೆ ಹೆಚ್ಚು ಬಿಗಿಯುತ್ತವೆ. ಆದಕಾರಣ ಬೆಳಗಿನ ಮೊದಲ ಅರ್ಧ ತಾಸು ಬಾಗಿ ಭಾರ ಎತ್ತಬೇಡಿರಿ.

ಬೆನ್ನುನೋವಿನ ಜೊತೆಗೆ ಕಾಲಿಗೆ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಮಲಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಅದು ಎಣ್ಣೆ ತಿಕ್ಕಿ, ನಾಳೆ ನೋಡೋಣವೆನ್ನುವ ನೋವಲ್ಲ.

ಒಂದೆರಡು ಟನ್ ಭಾರವನ್ನು ನೆಟ್ಟಗೆ ತಾಳಬಲ್ಲ ಎಲುಬು ನಮಗೆಲ್ಲರಿಗೂ ದೊರೆತಿದೆ. 25 ಕಿಲೋ ಚೀಲವನ್ನು 250 ಕಿಲೋ ಮಾಡುವುದೂ ಮಾಡದಿರುವುದೂ ನಾವು ಬಾಗುವ ಬಗೆಯಲ್ಲಿದೆ. ಈ ಪತ್ರಿಕೆಯನ್ನು ಓದಬಲ್ಲವರು ಇದನ್ನು ಓದಲಾರದ ಪಕ್ಕದ ಕೋಣೆಯವರಿಗೂ ಒಮ್ಮೆ ಓದಿ ಹೇಳಬೇಕಾಗಿ ವಿನಂತಿ.